ಬೂಷ್ಟು ಯಾರದು?

ನಮ್ಮೂರಲ್ಲಿ ಬೂಷ್ಟು ಅಂದ್ರೆ ಉಪ್ಪಿನಕಾಯಿ ಜಾಡಿಗೆ ಹಿಡಿಯೋದು. ಇಲ್ಲಾ, ಮಳೆಗಾಲದಲ್ಲಿ ಸರಿಯಾಗಿ ಒಣಗದ ಕೊಬ್ಬರಿಗೆ ಹಿಡಿಯೋದು. ಮನೆ ಗೋಡೆಗೂ ಅದು ಹಿಡಿಯುತ್ತೆ ಅಂತ ನನಗೆ ಗೊತ್ತಾಗಿದ್ದು ಬಿಇ ಮುಗಿಸಿ ಬೆಂಗಳೂರಿಗೆ ಬಂದು ಬಾಡಿಗೆ ಮನೆ ಹಿಡಿದ ಮೇಲೆ. ಬೀರು ಸರಿಸಿದರೆ ಹಿಂದಿನ ಗೋಡೆ ತುಂಬಾ ಕಪ್ಪು ಚುಕ್ಕೆ. ಬಾತ್‌ರೂಮಿಗೆ ಅಂಟಿಕೊಂಡ ಗೋಡೆಯಲ್ಲಿ ಪೇಂಟ್ ಹಪ್ಪಳದ ಹಾಗೆ ಉಬ್ಬಿ ಉದುರುತ್ತಿತ್ತು. ಮದುವೆ ಮುಂಜಿಗೆ ಅಂತ ಎತ್ತಿಟ್ಟಿದ್ದ ಒಂದೇ ಒಂದು ಕೋಟಿನ ಮೇಲೆ ಬಿಳೀ ಪುಡಿ.

ಊರಿನ ಮನೆಗೆ ಇದು ಯಾಕೆ ಬರಲಿಲ್ಲ ಅನ್ನೋದಕ್ಕೆ ಕಾರಣ ಸರಳ. ಮಣ್ಣಿನ ಗೋಡೆ ತೇವ ಹೀರಿಕೊಂಡು ಮತ್ತೆ ಬಿಟ್ಟುಕೊಡುತ್ತೆ. ಹೆಂಚಿನ ಸಂದಿಯಲ್ಲಿ ಗಾಳಿ ಆಡುತ್ತೆ. ಹಬ್ಬಕ್ಕೆ ಬಳಿಯೋ ಸುಣ್ಣ ಕ್ಷಾರ, ಅದರ ಮೇಲೆ ಬೂಷ್ಟು ಸುಲಭಕ್ಕೆ ಬೆಳೆಯಲ್ಲ. ಇಷ್ಟರ ಜೊತೆಗೆ, ಇದನ್ನೆಲ್ಲ ಯಾರು ಮಾಡಬೇಕು ಅನ್ನೋ ಪ್ರಶ್ನೆಯೇ ಅಲ್ಲಿರಲಿಲ್ಲ. ಮನೆ ನಮ್ಮದು, ಸುಣ್ಣವೂ ನಮ್ಮದು. ಊರಿಗೆಲ್ಲ ಬಾಡಿಗೆಗೆ ಇದ್ದವರು ಸ್ಕೂಲ್ ಮೇಷ್ಟ್ರು ಒಬ್ಬರೇ. ಅವರ ಮನೆಗೂ ಯುಗಾದಿಗೆ ಮುಂಚೆ ಮನೆ ಯಜಮಾನರೇ ಆಳು ಕಳಿಸಿ ಸುಣ್ಣ ಹೊಡೆಸುತ್ತಿದ್ದರು. ಅದಕ್ಕೊಂದು ಅಗ್ರಿಮೆಂಟ್ ಇತ್ತು ಅಂತ ನನಗನ್ನಿಸಲ್ಲ.

ಬೆಂಗಳೂರಿನ ಓನರ್ ಅಂಕಲ್ ಲೆಕ್ಕ ಬೇರೆ. "ನೋಡಪ್ಪಾ, ನೀವು ಕಿಟಕಿ ತೆಗೆಯಲ್ಲ, ಬಟ್ಟೆ ಮನೆಯೊಳಗೇ ಒಣಗಹಾಕ್ತೀರ, ಇನ್ನೇನಾಗುತ್ತೆ ಹೇಳು" ಅಂದರು. ಕಿಟಕಿ ತೆಗೆದರೆ ಪಕ್ಕದ ಮನೆ ಗೋಡೆ ಕೈಗೆ ಸಿಗುತ್ತೆ ಅಂಕಲ್, ಗಾಳಿ ಎಲ್ಲಿಂದ ಬರಬೇಕು ಅಂದೆ ನಾನು. ಮನೆ ಬಿಡುವಾಗ ಅಡ್ವಾನ್ಸಿನಲ್ಲಿ ಪೇಂಟಿಂಗಿಗೆ ಅಂತ ಒಂದು ತಿಂಗಳ ಬಾಡಿಗೆ ಮುರಿದುಕೊಂಡರು. ನಿಮ್ಮಲ್ಲಿ ಹೆಚ್ಚಿನವರಿಗೆ ಇದೇ ಆಗಿರುತ್ತೆ, ಅದಕ್ಕೇ ಕಥೆ ಉದ್ದ ಮಾಡಲ್ಲ. ನನಗೆ ಕುತೂಹಲ ಹುಟ್ಟಿದ್ದು ಬೇರೆ ವಿಷಯಕ್ಕೆ. ಗೋಡೆಗೆ ಬೂಷ್ಟು ಬಂದರೆ ಅದು ಮನೆಯ ದೋಷವೋ, ಮನೆಯಲ್ಲಿ ಇರೋರ ದೋಷವೋ ಅನ್ನೋ ಈ ಜಗಳ ಎಷ್ಟು ಹಳೇದು? ಅದನ್ನ ಯಾರಾದರೂ ಎಂದಾದರೂ ಬಗೆಹರಿಸಿದ್ದಾರಾ?

ಹುಡುಕ್ತಾ ಹೋದರೆ ದಾರಿ ಇಂಗ್ಲೆಂಡಿಗೆ ಹೋಗುತ್ತೆ. ಯಾಕಂದ್ರೆ ನಾವು ಇವತ್ತು ಸೈನ್ ಮಾಡೋ ಬಾಡಿಗೆ ಅಗ್ರಿಮೆಂಟಿನ ಬೆನ್ನಿಗಿರೋದು 1882ರ ಸ್ವತ್ತು ವರ್ಗಾವಣೆ ಕಾಯಿದೆ, ಅಂದ್ರೆ ಟ್ರಾನ್ಸ್‌ಫರ್ ಆಫ್ ಪ್ರಾಪರ್ಟಿ ಆಕ್ಟ್. ಬ್ರಿಟಿಷರು ತಮ್ಮ ಕಾನೂನಿನ ಅಚ್ಚಿನಲ್ಲೇ ಅದನ್ನ ಎರಕ ಹೊಯ್ದರು. ಆ ಅಚ್ಚು ಹೇಗಿತ್ತು ಅಂತ ನೋಡದೆ ನಮ್ಮದು ಅರ್ಥವಾಗಲ್ಲ.

ಹಳೇ ಇಂಗ್ಲಿಷ್ ಕಾನೂನಿನ ಕಣ್ಣಿಗೆ ಬಾಡಿಗೆ ಅಂದ್ರೆ ನಮ್ಮ ಗೇಣಿ ಇದ್ದ ಹಾಗೆ. ರೈತ ಜಮೀನು ತಗೋತಾನೆ, ಅದರ ಮೇಲೆ ಒಂದು ಮನೆ ಇದ್ದರೆ ಇರುತ್ತೆ. ಮುಖ್ಯವಾದದ್ದು ನೆಲ. ಮನೆ ಸೋರಿದರೆ ಹುಲ್ಲು ಹೊದಿಸೋಕೆ, ಗೋಡೆ ಬಿರಿದರೆ ಮಣ್ಣು ಮೆತ್ತೋಕೆ ಅವನಿಗೇ ಬರುತ್ತೆ, ಜಮೀನ್ದಾರ ಯಾಕೆ ತಲೆ ಕೆಡಿಸಿಕೊಳ್ಳಬೇಕು? ಹಾಗಾಗಿ ನಿಯಮ ಒಂದೇ: ತಗೊಳ್ಳೋನು ನೋಡಿ ತಗೋಬೇಕು. ಹಳ್ಳಿಗೆ ಇದು ತಕ್ಕಮಟ್ಟಿಗೆ ಸರಿಯೇ. ತೊಂದರೆ ಶುರುವಾಗಿದ್ದು ಜನ ಗಿರಣಿ ಕೆಲಸಕ್ಕೆ ಊರು ಬಿಟ್ಟು ಬಂದು ಪಟ್ಟಣದ ಒಂದೊಂದು ಕೋಣೆ ಬಾಡಿಗೆಗೆ ಹಿಡಿದಾಗ. ಅವರಿಗೆ ನೆಲವೂ ಬೇಕಿಲ್ಲ, ಹುಲ್ಲು ಹೊದಿಸೋ ಜಾಗವೂ ಇಲ್ಲ. ಕಾನೂನು ಮಾತ್ರ ಇನ್ನೂ ಅವರನ್ನ ರೈತ ಅಂತಲೇ ನೋಡುತ್ತಿತ್ತು. ಮೆಜೆಸ್ಟಿಕ್‌ನಲ್ಲಿ ಬಸ್ಸಿಳಿದು ಒಂದು ರೂಮಿಗೆ ಅಡ್ವಾನ್ಸ್ ಕೊಟ್ಟ ನಮ್ಮಂಥೋರಿಗೆ ಇದು ಹೇಳಿ ಅರ್ಥ ಮಾಡಿಸಬೇಕಿಲ್ಲ.

1842ರಲ್ಲಿ ಸರ್ ಥಾಮಸ್ ಮ್ಯಾರಬಲ್ ಅನ್ನೋರು ಸಮುದ್ರ ತೀರದ ಬ್ರೈಟನ್ ಪಟ್ಟಣದಲ್ಲಿ ಮಂಚ ಕುರ್ಚಿ ಎಲ್ಲ ಇದ್ದ ಮನೆಯೊಂದನ್ನ ಕೆಲವು ವಾರಗಳ ಮಟ್ಟಿಗೆ ಬಾಡಿಗೆಗೆ ತಗೊಂಡರು. ವಾರಕ್ಕೆ 8 ಗಿನಿ, ಆ ಕಾಲಕ್ಕೆ ದೊಡ್ಡ ದುಡ್ಡು. ಒಳಗೆ ಹೋದರೆ ತಿಗಣೆಯೋ ತಿಗಣೆ. ಸಂಸಾರ ಸಮೇತ ಹೊರಟುಬಿಟ್ಟರು, ಉಳಿದ ವಾರಗಳ ಬಾಡಿಗೆ ಕೊಡಲ್ಲ ಅಂದರು. ಓನರ್ ಸ್ಮಿತ್ ಕೋರ್ಟಿಗೆ ಹೋದರು. 1843ರಲ್ಲಿ ನ್ಯಾಯಾಧೀಶರು, ಅವರಲ್ಲಿ ಬ್ಯಾರನ್ ಪಾರ್ಕ್ ಅನ್ನೋ ಘಟಾನುಘಟಿಯೂ ಇದ್ದರು, ಮ್ಯಾರಬಲ್ ಪರ ತೀರ್ಪು ಕೊಟ್ಟರು. ವಾಸಕ್ಕೆ ಅಂತ ಕೊಟ್ಟ ಮನೆ ವಾಸಕ್ಕೆ ಯೋಗ್ಯವಾಗಿರಬೇಕು, ಇದಕ್ಕೆ ಹಳೇ ತೀರ್ಪು ತಿರುವಿಹಾಕೋದೇನೂ ಬೇಡ, ಸಾಮಾನ್ಯ ಬುದ್ಧಿ ಸಾಕು ಅನ್ನೋ ಧಾಟಿಯಲ್ಲಿ ಇನ್ನೊಬ್ಬ ನ್ಯಾಯಾಧೀಶ ಲಾರ್ಡ್ ಅಬಿಂಜರ್ ಹೇಳಿದರು.

ಬಾಡಿಗೆದಾರ ಗೆದ್ದ ಅಂತ ಖುಷಿಪಡೋ ಹಾಗಿಲ್ಲ. ಅದೇ ವರ್ಷ ಹಾರ್ಟ್ ಮತ್ತು ವಿಂಡ್ಸರ್ ಅನ್ನೋರ ನಡುವಿನ ಇನ್ನೊಂದು ಕೇಸು ಬಂತು. ಅಲ್ಲೂ ತಿಗಣೆ, ಅಲ್ಲೂ ಬ್ಯಾರನ್ ಪಾರ್ಕ್. ಈ ಸಲ ಬಾಡಿಗೆದಾರ ಸೋತ. ಯಾಕೆ? ಆ ಮನೆಯಲ್ಲಿ ಸಾಮಾನು ಸರಂಜಾಮು ಇರಲಿಲ್ಲ, ಬರೀ ಮನೆ. ಫರ್ನಿಶ್ಡ್ ಆದರೆ ಮನೆ ಯೋಗ್ಯವಾಗಿರಬೇಕು, ಬರಿಗೋಡೆಯಾದರೆ ನಿಮ್ಮ ಹಣೆಬರಹ! ಮಂಚ ಕುರ್ಚಿ ಇರೋ ಮನೆ ಹಿಡಿಯೋರು ಉಳ್ಳವರು, ಖಾಲಿ ಕೋಣೆ ಹಿಡಿಯೋರು ಕೂಲಿಯವರು. ಇದನ್ನ ಕೋರ್ಟು ಬೇಕಂತ ಮಾಡಿತು ಅಂತ ನಾನು ಹೇಳಲ್ಲ, ಅವರ ತರ್ಕವೆಲ್ಲ ನೆಲದ ಮೇಲಿನ ಹಕ್ಕಿನದ್ದು. ಆದರೆ ಫಲ ಅದೇ. 1863ರ ಹೊತ್ತಿಗೆ ಇನ್ನೊಬ್ಬ ನ್ಯಾಯಾಧೀಶರು ರಾಬಿನ್ಸ್ ಮತ್ತು ಜೋನ್ಸ್ ಕೇಸಿನಲ್ಲಿ ಇದನ್ನ ಮುಚ್ಚುಮರೆಯಿಲ್ಲದೆ ಹೇಳಿದರು: ಮೋಸ ಮಾಡಿಲ್ಲ ಅಂದ್ರೆ, ಬೀಳೋ ಹಾಗಿರೋ ಮನೆಯನ್ನ ಬಾಡಿಗೆಗೆ ಕೊಡೋಕೆ ಕಾನೂನಿನ ಅಡ್ಡಿಯೇನೂ ಇಲ್ಲ.

ನಮ್ಮ 1882ರ ಕಾಯಿದೆ ಹುಟ್ಟಿದ್ದು ಈ ಹವೆಯಲ್ಲಿ. ಅದರ ಒಳಗೇನಿದೆ ಅನ್ನೋದಕ್ಕೆ ಆಮೇಲೆ ಬರ್ತೀನಿ, ಮೊದಲು ಇಂಗ್ಲೆಂಡಿನ ಕಥೆ ಮುಗಿಸೋಣ.

ಅಲ್ಲಿ ಮೂರೇ ವರ್ಷದಲ್ಲಿ ಗಾಳಿ ತಿರುಗಿತು. ಲಂಡನ್ನಿನ ಬಡವರ ಕೋಣೆಗಳ ಬಗ್ಗೆ 1883ರಲ್ಲಿ ಒಂದು ಕಿರುಹೊತ್ತಿಗೆ ಬಂದು ಗದ್ದಲ ಎಬ್ಬಿಸಿತು. 1884ರಲ್ಲಿ ಸರ್ ಚಾರ್ಲ್ಸ್ ಡಿಲ್ಕ್ ಅಧ್ಯಕ್ಷತೆಯಲ್ಲಿ ರಾಯಲ್ ಕಮಿಷನ್ ಕೂತಿತು, ಯುವರಾಜರೂ ಅದರ ಸದಸ್ಯರು. 1885ರ ಕಾಯಿದೆಯಲ್ಲಿ ಮೊದಲ ಸಲ ಒಂದು ಮಾತು ಬಂತು: ದುಡಿಯೋ ವರ್ಗಕ್ಕೆ ಬಾಡಿಗೆಗೆ ಕೊಡೋ ಮನೆ, ಕೊಡೋ ಹೊತ್ತಿಗೆ ವಾಸಕ್ಕೆ ಯೋಗ್ಯವಾಗಿರಬೇಕು. 1909ರಲ್ಲಿ ಇನ್ನೊಂದು ಹೆಜ್ಜೆ: ಕೊಡೋವಾಗ ಮಾತ್ರ ಅಲ್ಲ, ಇರೋ ತನಕ ಯೋಗ್ಯವಾಗಿಡಬೇಕು.

ಈ ಕಾನೂನು ಚೆನ್ನಾಗಿ ಕೆಲಸ ಮಾಡಿದ ಒಂದು ಕೇಸು ನನಗೆ ತುಂಬಾ ಇಷ್ಟ. ಮ್ಯಾಂಚೆಸ್ಟರ್ ಪಕ್ಕದ ಸಾಲ್ಫರ್ಡ್‌ನಲ್ಲಿ ನಗರಸಭೆಯ ಬಾಡಿಗೆ ಮನೆ. ಬೆಡ್‌ರೂಮಿನ ಇದ್ದೊಂದು ಕಿಟಕಿಯ ಹಗ್ಗ ತುಂಡಾಯಿತು. ಮೇಲೆ ಕೆಳಗೆ ಸರಿಯೋ ಹಳೇ ಕಾಲದ ಕಿಟಕಿಗಳಿಗೆ ಎರಡು ಕಡೆ ಹಗ್ಗ ಇರುತ್ತೆ, ಅದೇ ಅದರ ಭಾರ ಹಿಡಿಯೋದು. ಮನೆಯಾಕೆ ದೂರು ಕೊಟ್ಟರು, ಯಾರೂ ಬರಲಿಲ್ಲ. ಒಂದು ದಿನ ಕಿಟಕಿ ಒರೆಸುತ್ತಿದ್ದಾಗ ಇನ್ನೊಂದು ಹಗ್ಗವೂ ತುಂಡಾಗಿ ಕೈ ಸಿಕ್ಕಿಕೊಂಡಿತು. ನಗರಸಭೆ ವಾದ: ಒಂದು ಹಗ್ಗ ತುಂಡಾದರೆ ಮನೆಯೇ ಅಯೋಗ್ಯವಾ? 1943ರಲ್ಲಿ ಹೌಸ್ ಆಫ್ ಲಾರ್ಡ್ಸ್ ಹೌದು ಅಂದಿತು. ಲಾರ್ಡ್ ಆಟ್ಕಿನ್ ಕೊಟ್ಟ ಅಳತೆಗೋಲಿನ ಸಾರಾಂಶ ಇಷ್ಟು: ಮನೆಯನ್ನ ಎಲ್ಲರೂ ಬಳಸೋ ಹಾಗೆ ಬಳಸಿದರೂ ಇರೋರಿಗೆ ಪೆಟ್ಟು ಬೀಳೋ ಸ್ಥಿತಿ ಇದ್ದರೆ ಅದು ವಾಸಕ್ಕೆ ಯೋಗ್ಯವಲ್ಲ. "ಎಲ್ಲರೂ ಬಳಸೋ ಹಾಗೆ" ಅನ್ನೋ ಈ ಮಾತು ನೆನಪಿಟ್ಟುಕೊಳ್ಳಿ. ಅಡುಗೆ ಮಾಡೋದು, ಸ್ನಾನ ಮಾಡೋದು, ಬಟ್ಟೆ ಒಗೆಯೋದು, ಉಸಿರಾಡೋದು ಎಲ್ಲ ಅದರಲ್ಲೇ ಬಂತಲ್ಲ.

ಇಷ್ಟು ಒಳ್ಳೇ ಕಾನೂನು ಇದ್ದರೆ ಬೂಷ್ಟಿನ ಜಗಳ 80 ವರ್ಷದ ಹಿಂದೆಯೇ ಮುಗಿಯಬೇಕಿತ್ತು. ಮುಗಿಯಲಿಲ್ಲ. ಕಾನೂನಿನೊಳಗೆ ಒಂದು ಅಂಕಿ ಇತ್ತು. ಇದು ಕಡಿಮೆ ಬಾಡಿಗೆಯ ಮನೆಗಳಿಗೆ ಮಾತ್ರ ಅನ್ವಯ ಅಂತ ಮೊದಲಿಂದಲೂ ಒಂದು ಮಿತಿ ಇತ್ತು. 1957ರಲ್ಲಿ ಅದನ್ನ ಲಂಡನ್ನಿನಲ್ಲಿ ವರ್ಷಕ್ಕೆ 80 ಪೌಂಡ್, ಬೇರೆ ಕಡೆ 52 ಪೌಂಡ್ ಅಂತ ಮಾಡಿದರು. ವರ್ಷಕ್ಕೆ 52 ಅಂದ್ರೆ ವಾರಕ್ಕೆ ಒಂದು ಪೌಂಡ್. ಆಮೇಲೆ ಬಾಡಿಗೆ ಏರಿತು, ಸಂಬಳ ಏರಿತು, ಬ್ರೆಡ್ಡಿನ ಬೆಲೆ ಏರಿತು, ಆ ಅಂಕಿಯನ್ನ ಮಾತ್ರ ಯಾರೂ ಮುಟ್ಟಲಿಲ್ಲ. 1985ರಲ್ಲಿ ಕಾಯಿದೆಯನ್ನ ಹೊಸದಾಗಿ ಬರೆದಾಗಲೂ 80, 52 ಹಾಗೇ ಉಳಿಸಿಕೊಂಡರು. ಕೋಡ್ ಬರೆಯೋರಿಗೆ ಇದು ಗೊತ್ತಿರೋ ಕಾಯಿಲೆ: ಯಾವನೋ ಯಾವ ಕಾಲದಲ್ಲೋ ಒಂದು ಸಂಖ್ಯೆಯನ್ನ ನೇರ ಕೋಡಿನೊಳಗೆ ಬರೆದು ಹೋಗಿರ್ತಾನೆ, ಆಮೇಲೆ ಬಂದವರಿಗೆ ಮುಟ್ಟೋಕೆ ಭಯ. 1996ರಲ್ಲಿ ಅಲ್ಲಿನ ಲಾ ಕಮಿಷನ್ ತನ್ನ ವರದಿಯಲ್ಲಿ ಇದನ್ನ ಎತ್ತಿ ಆಡಿತು, ಈ ಮಿತಿಯಿಂದಾಗಿ ಕಾನೂನು ಸತ್ತ ಹಾಗೆ ಅಂತ. ಮಿತಿ ಕೊನೆಗೂ ಹೋಗಿದ್ದು 2018ರ ಕಾಯಿದೆಯಿಂದ, ಅದು ಜಾರಿಗೆ ಬಂದಿದ್ದು 2019ರ ಮಾರ್ಚ್ 20ಕ್ಕೆ. ಅಲ್ಲಿಗೆ 62 ವರ್ಷ.

ಇಂಗ್ಲೆಂಡಿನೋರನ್ನ ನೋಡಿ ನಗೋ ಮುಂಚೆ ನಮ್ಮದನ್ನ ನೋಡೋಣ. ಕರ್ನಾಟಕ ಬಾಡಿಗೆ ಕಾಯಿದೆ, 1999. ಮನೆಯನ್ನ ದುರಸ್ತಿಯಲ್ಲಿ ಇಡೋ ಜವಾಬ್ದಾರಿ ಓನರದ್ದು ಅನ್ನೋ ಮಾತು ಅದರಲ್ಲಿದೆ. ಆದರೆ ಯಾವ ಮನೆಗೆ? ಬೆಂಗಳೂರಿನಂಥ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಬೇರೆ ಕಡೆ 2,000 ರೂಪಾಯಿ ದಾಟದ ಮನೆಗೆ. ಅದಕ್ಕಿಂತ ಜಾಸ್ತಿ ಬಾಡಿಗೆ ಇದ್ದರೆ ಈ ಕಾಯಿದೆ ನಿಮಗಲ್ಲ. ಇವತ್ತು 3,500ಕ್ಕೆ ಬೆಂಗಳೂರಲ್ಲಿ ಪಿಜಿಯ ಹಾಸಿಗೆಯೂ ಕಷ್ಟ. ಇದನ್ನ ಓದುತ್ತಿರೋ ನೀವು ಯಾರೂ ಈ ಕಾಯಿದೆಯ ಕೊಡೆಯ ಕೆಳಗೆ ಇಲ್ಲ ಅಂತ ನಾನು ಬೆಟ್ ಕಟ್ಟಬಲ್ಲೆ.

ಆ 62 ವರ್ಷ ಇಂಗ್ಲೆಂಡಿನ ಬಾಡಿಗೆದಾರರಿಗೆ ಬೇರೆ ದಾರಿಯೇ ಇರಲಿಲ್ವಾ ಅಂದ್ರೆ, ಇತ್ತು. 1961ರ ಕಾಯಿದೆ ಪ್ರಕಾರ 7 ವರ್ಷಕ್ಕಿಂತ ಕಡಿಮೆ ಅವಧಿಯ ಬಾಡಿಗೆಗಳಲ್ಲಿ ಮನೆಯ ಕಟ್ಟಡ ಮತ್ತು ಹೊರಭಾಗದ ರಿಪೇರಿ ಓನರ್ ಮಾಡಬೇಕು. ಇದಕ್ಕೆ ಬಾಡಿಗೆಯ ಮಿತಿ ಇಲ್ಲ. ಬೂಷ್ಟು ಬಂದೋರೆಲ್ಲ ಇದನ್ನೇ ಹಿಡಿದು ಹೋದರು. ಅಲ್ಲಿ ಎದುರಾಗಿದ್ದು ಸಂಖ್ಯೆ ಅಲ್ಲ, "ರಿಪೇರಿ" ಅನ್ನೋ ಪದ.

ಇಲ್ಲಿ ಸ್ವಲ್ಪ ವಿಜ್ಞಾನ ಬೇಕು. ಗೋಡೆಗೆ ತೇವ ಬರೋಕೆ ಮುಖ್ಯವಾಗಿ ಮೂರು ದಾರಿ. ಒಂದು, ಮೇಲಿಂದ ಅಥವಾ ಪಕ್ಕದಿಂದ ಸೋರೋದು: ಟೆರೇಸ್ ಬಿರುಕು, ಒಡೆದ ಪೈಪು, ಬಾತ್‌ರೂಮ್ ಟೈಲ್ಸ್ ಸಂದಿ. ಎರಡು, ನೆಲದಿಂದ ಗೋಡೆಯೊಳಗೆ ಮೇಲೇರೋದು. ಮೂರನೇದು ಒಳಗಿಂದಲೇ ಬರೋದು. ಅನ್ನ ಬೇಯಿಸಿದ ಹಬೆ, ಬಿಸಿನೀರಿನ ಹಬೆ, ಒಣಗೋ ಬಟ್ಟೆ, ನಮ್ಮ ಉಸಿರು, ಎಲ್ಲ ಸೇರಿ ಗಾಳಿಯಲ್ಲಿ ನೀರಿನ ಆವಿ ತುಂಬುತ್ತೆ. ಅದು ತಣ್ಣಗಿರೋ ಗೋಡೆಗೆ ತಾಗಿದರೆ, ಫ್ರಿಜ್ಜಿಂದ ತೆಗೆದ ಬಾಟಲಿ ಬೆವರುತ್ತಲ್ಲ, ಹಾಗೆ ಗೋಡೆ ಬೆವರುತ್ತೆ. ಬೆವರು ಒಣಗದಿದ್ದರೆ ಬೂಷ್ಟು. ಮೊದಲೆರಡರಲ್ಲಿ ಏನೋ ಒಂದು ಕೆಟ್ಟಿರುತ್ತೆ. ಮೂರನೇದರಲ್ಲಿ ಏನೂ ಕೆಟ್ಟಿರಲ್ಲ.

ಯುದ್ಧದ ನಂತರ ಬ್ರಿಟನ್ನಿನಲ್ಲಿ ಸಾಲುಸಾಲಾಗಿ ಕಾಂಕ್ರೀಟ್ ಮನೆ ಕಟ್ಟಿದರು. ಹಳೇ ಮನೆಗಳಲ್ಲಿ ಕಲ್ಲಿದ್ದಲು ಉರಿಸೋ ಒಲೆ ಇತ್ತು, ಅದರ ಚಿಮಣಿ ಮನೆಯ ಗಾಳಿಯನ್ನೆಲ್ಲ ಎಳೆದು ಹೊರಹಾಕುತ್ತಿತ್ತು. ಹೊಸ ಮನೆಗಳಿಗೆ ಚಿಮಣಿ ಇಲ್ಲ, ಹಳೇ ಮನೆಗಳ ಚಿಮಣಿಯನ್ನೂ ಮುಚ್ಚಿದರು. ಆಮೇಲೆ 1973ರ ಎಣ್ಣೆ ಬಿಕ್ಕಟ್ಟು ಬಂದು ಮನೆ ಬೆಚ್ಚಗಿಡೋ ಖರ್ಚು ಏರಿತು, ಬಡವರು ಹೀಟರ್ ಆರಿಸಿದರು. ಗೋಡೆ ತಣ್ಣಗಾಯಿತು, ಹಬೆ ಹೋಗೋಕೆ ದಾರಿ ಇಲ್ಲ. ಯಾರೋ ಒಬ್ಬರು ತಪ್ಪು ಮಾಡಿದರು ಅನ್ನೋಕಾಗಲ್ಲ. ಮೂರ್ನಾಲ್ಕು ಒಳ್ಳೇ ಉದ್ದೇಶಗಳು ಸೇರಿ ಕೆಟ್ಟ ಮನೆ ಆಯಿತು. ನಮ್ಮಲ್ಲಿ ಹೆಂಚು ತೆಗೆದು ಆರ್‌ಸಿಸಿ ಹಾಕಿದ ಹಾಗೇ.

ಅಂಥದ್ದೊಂದು ಮನೆ ದಕ್ಷಿಣ ವೇಲ್ಸಿನಲ್ಲಿತ್ತು. 1970ರ ದಶಕದ ಆರಂಭದಲ್ಲಿ ಟಾಫ್ ಈಲಿ ಅನ್ನೋ ಸ್ಥಳೀಯ ಕೌನ್ಸಿಲ್ ಕಟ್ಟಿದ್ದು. ಲೋಹದ ಚೌಕಟ್ಟಿನ ಒಂಟಿ ಗಾಜಿನ ಕಿಟಕಿ, ಅದರ ಮೇಲೆ ಬರೀ ಕಾಂಕ್ರೀಟ್ ಲಿಂಟಲ್. ಚಳಿಗಾಲದಲ್ಲಿ ಮನೆಯೆಲ್ಲ ಬೆವರಿ ಬಟ್ಟೆ, ಹಾಸಿಗೆ, ಸಾಮಾನು ಹಾಳಾಗುತ್ತಿತ್ತು. ಬಾಡಿಗೆದಾರ ಕ್ವಿಕ್ ಅನ್ನೋರು ಕೇಸು ಹಾಕಿದರು. ಕೆಳಗಿನ ಕೋರ್ಟಲ್ಲಿ ಗೆದ್ದರು. 1985ರಲ್ಲಿ ಮೇಲ್ಮನವಿ ಕೋರ್ಟು ತೀರ್ಪನ್ನ ತಿರುಗಿಸಿತು. ಚಳಿಗಾಲದಲ್ಲಿ ಆ ಮನೆ ವಾಸಕ್ಕೆ ಲಾಯಕ್ಕಿಲ್ಲ ಅನ್ನೋದನ್ನ ನ್ಯಾಯಾಧೀಶರು ಅಲ್ಲಗಳೆಯಲಿಲ್ಲ. ಆದರೆ ರಿಪೇರಿ ಅಂದ್ರೆ ಕೆಟ್ಟಿದ್ದನ್ನ ಸರಿ ಮಾಡೋದು. ಕಿಟಕಿ ಕೆಟ್ಟಿಲ್ಲ, ಲಿಂಟಲ್ ಕೆಟ್ಟಿಲ್ಲ, ಕಟ್ಟಿದ ದಿನ ಹೇಗಿತ್ತೋ ಹಾಗೇ ಇದೆ. ಕಟ್ಟುವಾಗಲೇ ಕೆಟ್ಟದಾಗಿ ಕಟ್ಟಿದ್ದರೆ ಅದನ್ನ ಒಳ್ಳೇದು ಮಾಡಿಕೊಡು ಅಂತ ಈ ಕಾಯಿದೆ ಹೇಳಲ್ಲ.

ನಮ್ಮ ಭಾಷೆಯಲ್ಲಿ ಹೇಳೋದಾದರೆ, ಬಗ್ ಅಲ್ಲ, ಡಿಸೈನೇ ಹಂಗಿದೆ ಅಂತ ಟಿಕೆಟ್ ಕ್ಲೋಸ್. ತರ್ಕದಲ್ಲಿ ತಪ್ಪು ಹುಡುಕೋದು ಕಷ್ಟ, ಆದರೆ ಮನುಷ್ಯ ಬದುಕೋದು ತರ್ಕದೊಳಗಲ್ಲ, ಆ ಮನೆಯೊಳಗೆ. ಸಂಖ್ಯೆಯ ಕಾರಣಕ್ಕೆ ಒಂದು ಕಾನೂನಿಂದ ಹೊರಗೆ, ಪದದ ಕಾರಣಕ್ಕೆ ಇನ್ನೊಂದರಿಂದ ಹೊರಗೆ. ಹಾಗಾದರೆ ಬೂಷ್ಟು ಯಾರದು? ಮನೆ ಕೆಟ್ಟಿಲ್ಲ ಅಂತ ಕೋರ್ಟೇ ಹೇಳಿದ ಮೇಲೆ ಉಳಿದಿರೋದು ಮನೆಯಲ್ಲಿ ಇರೋರು. ಬ್ರಿಟನ್ನಿನ ಮನೆ ಆಫೀಸುಗಳ ಬಾಯಲ್ಲಿ ಒಂದು ಪದ ಹೊರಳಾಡೋಕೆ ಶುರುವಾಯಿತು: ಲೈಫ್‌ಸ್ಟೈಲ್. ಕಿಟಕಿ ತೆಗೆಯಲ್ಲ, ಪಾತ್ರೆಗೆ ಮುಚ್ಚಳ ಹಾಕಲ್ಲ, ಬಟ್ಟೆ ಒಳಗೆ ಒಣಗಿಸ್ತೀರ. ನಮ್ಮ ಓನರ್ ಅಂಕಲ್ ಆಡಿದ ಮಾತೇ, ಇಂಗ್ಲಿಷಿನಲ್ಲಿ.

ಈ ಪದ ಎಲ್ಲಿಗೆ ಮುಟ್ಟಿತು ಅನ್ನೋದಕ್ಕೆ ರಾಚ್‌ಡೇಲ್ ಸಾಕ್ಷಿ. ಹಗ್ಗ ತುಂಡಾದ ಸಾಲ್ಫರ್ಡ್‌ನಿಂದ ದೂರವೇನಿಲ್ಲ, ಅದೂ ಮ್ಯಾಂಚೆಸ್ಟರ್ ಸುತ್ತಲಿನ ಊರೇ. ಸೂಡಾನಿನಿಂದ ಬಂದ ದಂಪತಿ, ಒಂದು ಬೆಡ್‌ರೂಮಿನ ಫ್ಲಾಟು. ಓನರ್ ರಾಚ್‌ಡೇಲ್ ಬರೋವೈಡ್ ಹೌಸಿಂಗ್ ಅನ್ನೋ ಸಾರ್ವಜನಿಕ ವಸತಿ ಸಂಸ್ಥೆ. 2017ರಲ್ಲಿ ಗಂಡ ಬೂಷ್ಟಿನ ಬಗ್ಗೆ ದೂರು ಕೊಟ್ಟಾಗ ಸಿಕ್ಕ ಉತ್ತರ, ಅದರ ಮೇಲೆ ಪೇಂಟ್ ಹೊಡೀರಿ. 2018ರಲ್ಲಿ ಮಗು ಹುಟ್ಟಿತು, ಹೆಸರು ಅವಾಬ್ ಇಶಾಕ್. 2020ರಲ್ಲಿ ಕುಟುಂಬ ವಕೀಲರ ಮೂಲಕ ಹೋಯಿತು. ಜುಲೈನಲ್ಲಿ ತಪಾಸಣೆ ಆಯಿತು, ಅಡುಗೆಮನೆ ಬಾತ್‌ರೂಮಿನಲ್ಲಿ ಬೂಷ್ಟು ಇದೆ ಅಂತ ದಾಖಲಾಯಿತು. ಆದರೆ ಕಾನೂನು ಕ್ಲೇಮ್ ನಡೀತಿರುವಾಗ, ಒಪ್ಪಂದ ಆಗೋ ತನಕ ರಿಪೇರಿ ಮಾಡೋ ಹಾಗಿಲ್ಲ ಅನ್ನೋದು ಸಂಸ್ಥೆಯ ಪದ್ಧತಿ. ಅಂದ್ರೆ ನ್ಯಾಯ ಕೇಳಿದ್ದಕ್ಕೇ ಕೆಲಸ ನಿಂತಿತು. ಆ ವರ್ಷ ಡಿಸೆಂಬರ್ 21ಕ್ಕೆ, ಎರಡನೇ ಹುಟ್ಟುಹಬ್ಬ ಕಳೆದು ಎಂಟು ದಿನಕ್ಕೆ, ಅವಾಬ್ ತೀರಿಕೊಂಡ.

2022ರ ನವೆಂಬರಿನಲ್ಲಿ ವಿಚಾರಣೆ ಮಾಡಿದ ಕರೋನರ್ ಜೋಆನ್ ಕಿಯರ್ಸ್ಲಿ, ಮನೆಯ ಬೂಷ್ಟಿಗೆ ದೀರ್ಘಕಾಲ ಒಡ್ಡಿಕೊಂಡಿದ್ದರಿಂದ ಬಂದ ಉಸಿರಾಟದ ತೀವ್ರ ತೊಂದರೆಯೇ ಸಾವಿಗೆ ಕಾರಣ ಅಂತ ತೀರ್ಮಾನ ಕೊಟ್ಟರು. ಫ್ಲಾಟಿಗೆ ಗಾಳಿ ಹೋಗಿಬರೋ ವ್ಯವಸ್ಥೆಯೇ ಸರಿ ಇರಲಿಲ್ಲ. ಕುಟುಂಬದ ಲೈಫ್‌ಸ್ಟೈಲ್ ಬಗ್ಗೆ ನಾವು ಊಹೆ ಮಾಡಿಕೊಂಡಿದ್ದು ತಪ್ಪು ಅಂತ ಸಂಸ್ಥೆ ಆಮೇಲೆ ಒಪ್ಪಿಕೊಂಡಿತು. ಊಹೆ ಏನು ಗೊತ್ತಾ? ಇವರು ತಮ್ಮ ಸಂಪ್ರದಾಯದಂತೆ ಸ್ನಾನ ಮಾಡ್ತಾರೆ, ಅದಕ್ಕೇ ನೀರು ಜಾಸ್ತಿ ಅಂತ. ಹಂಡೆ ನೀರನ್ನ ಚೊಂಬಲ್ಲಿ ಮೊಗೆದು ತಲೆ ಮೇಲೆ ಸುರಿದುಕೊಂಡು ಬೆಳೆದ ನಾನು ಈ ಸಾಲನ್ನ ಓದಿ ಸ್ವಲ್ಪ ಹೊತ್ತು ಲ್ಯಾಪ್‌ಟಾಪ್ ಮುಚ್ಚಿಟ್ಟೆ. ನನ್ನ ಬ್ಯಾಚಿನವರು ಎಷ್ಟೋ ಜನ ಆನ್‌ಸೈಟ್ ಅಂತ ಹೋಗಿ ಅದೇ ಊರುಗಳ ಫ್ಲಾಟುಗಳಲ್ಲಿ ಒಗ್ಗರಣೆ ಹಾಕ್ತಾ, ಬಕೆಟ್ ಚೊಂಬು ಇಟ್ಟುಕೊಂಡೇ ಸಂಸಾರ ಮಾಡ್ತಿದ್ದಾರೆ.

ಗಮನಿಸಿ, 2018ರ ಕಾಯಿದೆ ಆಗಲೇ ಬಂದಿತ್ತು. ಬಾಡಿಗೆ ಮಿತಿ ತೆಗೆದಾಗಿತ್ತು. ಮನೆಯ ಅಪಾಯಗಳ ಸರ್ಕಾರಿ ಪಟ್ಟಿಯಲ್ಲಿ ಒಟ್ಟು 29 ಐಟಂ, ಅದರಲ್ಲಿ ಮೊದಲನೇದೇ ತೇವ ಮತ್ತು ಬೂಷ್ಟು. ಆದರೂ ಮಗು ಹೋಯಿತು. ಆ ಕಾಯಿದೆ ಯಾರ ಜವಾಬ್ದಾರಿ ಅಂತ ಹೇಳಿತ್ತು, ಎಷ್ಟು ದಿನದಲ್ಲಿ ಅಂತ ಹೇಳಿರಲಿಲ್ಲ. ಅದಕ್ಕೇ 2023ರ ಕಾಯಿದೆಯಲ್ಲಿ ಅವಾಬ್ ಹೆಸರಿನ ನಿಯಮ ಸೇರಿತು, 2025ರ ಅಕ್ಟೋಬರ್ 27ರಿಂದ ಸಾಮಾಜಿಕ ವಸತಿ ಮನೆಗಳಿಗೆ ಜಾರಿ. ತುರ್ತು ಅಪಾಯವಾದರೆ 24 ಗಂಟೆಯೊಳಗೆ ಬರಬೇಕು. ಗಂಭೀರ ಬೂಷ್ಟಾದರೆ 10 ಕೆಲಸದ ದಿನದೊಳಗೆ ತಪಾಸಣೆ, ಆಮೇಲೆ 5 ಕೆಲಸದ ದಿನದೊಳಗೆ ಅಪಾಯ ತಪ್ಪಿಸೋ ಕೆಲಸ. ಯಾರದು ಅನ್ನೋ ಚರ್ಚೆ ಆಮೇಲೆ, ಮೊದಲು ಬಂದು ನೋಡಿ ಅಂತ. ಪ್ರೊಡಕ್ಷನ್ ಸಪೋರ್ಟ್ ಮಾಡಿದವರಿಗೆ ಇದರಲ್ಲಿ ಹೊಸದೇನೂ ಕಾಣಲ್ಲ. 180 ವರ್ಷ ಹಿಡೀತು ಅಷ್ಟೇ. ಬಾಡಿಗೆದಾರರ ದೂರುಗಳನ್ನ ನೋಡೋ ಅಲ್ಲಿನ ವಸತಿ ಓಂಬುಡ್ಸ್‌ಮನ್ 2021ರಲ್ಲೇ ಒಂದು ವರದಿ ಕೊಟ್ಟಿದ್ದರು. ಇದು ಲೈಫ್‌ಸ್ಟೈಲ್ ಅಲ್ಲ ಅನ್ನೋದೇ ಅದರ ತಲೆಬರಹ.

ಇನ್ನು ನಮ್ಮ 1882ಕ್ಕೆ ಬರೋಣ. ನಮಗೆ ಬೇಕಾಗಿದ್ದು ಅದರ 108ನೇ ಕಲಮು. ಅದರ ಆರಂಭದಲ್ಲೇ ಒಂದು ಷರತ್ತಿದೆ: ಒಪ್ಪಂದವೋ ಸ್ಥಳೀಯ ರೂಢಿಯೋ ಬೇರೆ ಹೇಳದಿದ್ದರೆ ಮಾತ್ರ ಈ ನಿಯಮಗಳು. ಅಂದ್ರೆ ನೀವು ಓದದೆ ಸೈನ್ ಮಾಡಿದ ಅಗ್ರಿಮೆಂಟೇ ಮೊದಲು. ಅದು ಸುಮ್ಮನಿದ್ದ ಕಡೆ ಕಾಯಿದೆ ಹೇಳೋದು ಇದು. ಒಂದು, ನೀವು ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದ, ಆದರೆ ತನಗೆ ಗೊತ್ತಿರೋ ದೊಡ್ಡ ದೋಷವನ್ನ ಓನರ್ ಮೊದಲೇ ಹೇಳಬೇಕು. ಮಳೆಗಾಲದಲ್ಲಿ ಸೋರೋ ಗೋಡೆಗೆ ಬೇಸಿಗೆಯಲ್ಲಿ ಹೊಸ ಪೇಂಟ್ ಬಳಿದು ತೋರಿಸಿದರೆ ಅದು ಈ ಮಾತಿನ ಒಳಗೆ ಬರುತ್ತೆ ಅನ್ನೋದು ನನ್ನ ಓದು. ಎರಡು, ಓನರ್ ತಾನು ಮಾಡಲೇಬೇಕಾದ ರಿಪೇರಿಯನ್ನ ನೋಟಿಸ್ ಕೊಟ್ಟ ಮೇಲೂ ಸಕಾಲದಲ್ಲಿ ಮಾಡದಿದ್ದರೆ, ನೀವೇ ಮಾಡಿಸಿ ಆ ಖರ್ಚನ್ನ ಬಾಡಿಗೆಯಲ್ಲಿ ಹಿಡಿದುಕೊಳ್ಳಬಹುದು. ಮೂರು, ಮನೆ ಬಿಡುವಾಗ ಬಂದಾಗ ಇದ್ದ ಸ್ಥಿತಿಯಲ್ಲೇ ವಾಪಸ್ ಕೊಡಬೇಕು, ಆದರೆ ಸಹಜ ಸವೆತಕ್ಕೆ ನೀವು ಹೊಣೆಯಲ್ಲ.

ಎರಡನೇದನ್ನ ಇನ್ನೊಮ್ಮೆ ಓದಿ. "ಮಾಡಲೇಬೇಕಾದ ರಿಪೇರಿ". ಯಾವುದು ಮಾಡಲೇಬೇಕಾದ್ದು? ಆ ಕಲಮಿನಲ್ಲಿ ಪಟ್ಟಿ ಇಲ್ಲ. ಫಂಕ್ಷನ್ ಚೆನ್ನಾಗೇ ಬರೆದಿದ್ದಾರೆ, ಅದಕ್ಕೆ ಕೊಡೋ ಲಿಸ್ಟ್ ಮಾತ್ರ ಖಾಲಿ. ತುಂಬೋದು ಅಗ್ರಿಮೆಂಟಿನ ಕೆಲಸ, ಅದನ್ನ ಟೈಪ್ ಮಾಡಿಸೋದು ಓನರ್ ಅಥವಾ ಬ್ರೋಕರ್.

ಆ ಪಟ್ಟಿಯನ್ನ ಕೊನೆಗೂ ಬರೆದಿದ್ದು 2021ರ ಮಾದರಿ ಬಾಡಿಗೆ ಕಾಯಿದೆ, ಮಾಡೆಲ್ ಟೆನೆನ್ಸಿ ಆಕ್ಟ್. ಕಟ್ಟಡದ ರಿಪೇರಿ, ಗೋಡೆಗೆ ಸುಣ್ಣ, ಬಾಗಿಲು ಕಿಟಕಿಗೆ ಬಣ್ಣ, ಪೈಪ್ ಬದಲಿಸೋದು, ವೈರಿಂಗ್ ಓನರ್ ಪಾಲು. ನಲ್ಲಿ ವಾಷರ್, ಚರಂಡಿ ಕ್ಲೀನಿಂಗ್, ಗೀಸರ್, ಸ್ವಿಚ್ಚು, ಸೊಳ್ಳೆ ಪರದೆ, ಕಿಟಕಿ ಗಾಜು ಬಾಡಿಗೆದಾರರ ಪಾಲು. ವಾಸದ ಮನೆಗೆ ಅಡ್ವಾನ್ಸ್ ಎರಡು ತಿಂಗಳ ಬಾಡಿಗೆ ದಾಟೋ ಹಾಗಿಲ್ಲ. ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟ ಬೆಂಗಳೂರಿಗರು ಇಲ್ಲಿ ನಿಟ್ಟುಸಿರು ಬಿಡಬಹುದು. ಆದರೆ ಇದು ಕೇಂದ್ರದ ಮಾದರಿ ಮಾತ್ರ, ಆಯಾ ರಾಜ್ಯ ತನ್ನ ಕಾನೂನು ಮಾಡಿಕೊಂಡರೆ ಮಾತ್ರ ಅದಕ್ಕೆ ಬಲ. ಬೂಷ್ಟು ಅನ್ನೋ ಪದ ಅದರ ಎರಡೂ ಪಟ್ಟಿಯಲ್ಲಿ ಇಲ್ಲ. ಆದರೆ ಅದರ ಮೂಲಗಳು, ಸೋರೋ ಕಟ್ಟಡ, ಒಡೆದ ಪೈಪು, ಹೆಚ್ಚುಕಮ್ಮಿ ಓನರ್ ಕಡೆಯ ಪಟ್ಟಿಯಲ್ಲೇ ಇವೆ. ಬರೀ ಹಬೆಯಿಂದ ಬರೋದು ಇಲ್ಲೂ ಅನಾಥ.

ನನ್ನನ್ನ ಕೇಳಿದರೆ, ಗಾಳಿಗೆ ದಾರಿ ಮಾಡೋದು ಮನೆ ಕಟ್ಟಿದವರ ಕೆಲಸ, ಇರೋ ದಾರಿಯನ್ನ ಬಳಸೋದು ಇರೋರ ಕೆಲಸ. ಬಾತ್‌ರೂಮಿಗೆ ಎಗ್ಸಾಸ್ಟ್ ಫ್ಯಾನ್ ಇದ್ದೂ ಹಾಕದೆ ಇದ್ದರೆ ನಾವು ಓನರನ್ನ ಬೈಯೋ ಹಾಗಿಲ್ಲ. ಇಡೀ 30x40 ಸೈಟನ್ನ ಒಂದಿಂಚೂ ಬಿಡದೆ ಕಟ್ಟಿ ಕಿಟಕಿ ತೆಗೀರಿ ಅಂತ ಹೇಳೋದೂ ಸರಿಯಲ್ಲ. ನಮ್ಮ ಓನರ್ ಅಂಕಲ್ ಕೆಟ್ಟವರೇನಲ್ಲ, ರಿಟೈರ್ಮೆಂಟ್ ದುಡ್ಡೆಲ್ಲ ಆ ಕಟ್ಟಡಕ್ಕೇ ಸುರಿದವರು. ಅವರ ಮಲಗೋ ಕೋಣೆಯ ಗೋಡೆಯೂ ನನ್ನದರ ಹಾಗೇ ಕಪ್ಪಾಗಿತ್ತು.

ನಮ್ಮಲ್ಲಿ ಅಗ್ರಿಮೆಂಟ್ 11 ತಿಂಗಳಿಗೆ ಇರೋದು ಒಂದು ವರ್ಷ ದಾಟಿದರೆ ನೋಂದಣಿ ಮಾಡಿಸಬೇಕು ಅನ್ನೋ ಕಾರಣಕ್ಕೆ. ಅದರಿಂದ ಒಂದು ಲಾಭ ಇದೆ, ವರ್ಷಕ್ಕೊಮ್ಮೆ ಆ ಕಾಗದ ತಿದ್ದೋ ಅವಕಾಶ ಸಿಗುತ್ತೆ. ಈಗಿನ ಮನೆಗೆ ಬರುವಾಗ ಸಾಮಾನು ಇಳಿಸೋಕೆ ಮುಂಚೆ ಪ್ರತಿ ಗೋಡೆಯ ಫೋಟೋ ತೆಗೆದು ಓನರಿಗೆ ಕಳಿಸಿದೆ, ತಾರೀಕು ಉಳಿಯಲಿ ಅಂತ. ಅಗ್ರಿಮೆಂಟಿಗೆ ಎರಡು ಸಾಲು ಸೇರಿಸಿ ಅಂದೆ, ಅವರು ಒಂದೇ ಒಂದು ಪದ ಬದಲಿಸಿ ಒಪ್ಪಿದರು. ಬೇಕಾದರೆ ನೀವೂ ಬಳಸಿಕೊಳ್ಳಿ: "ಗೋಡೆ, ಛಾವಣಿ, ಪೈಪುಗಳಿಂದ ತೇವ ಅಥವಾ ಬೂಷ್ಟು ಕಂಡುಬಂದಲ್ಲಿ ಬಾಡಿಗೆದಾರರು ಬರಹದಲ್ಲಿ ತಿಳಿಸತಕ್ಕದ್ದು; ತಿಳಿಸಿದ 15 ದಿನಗಳೊಳಗೆ ಮಾಲೀಕರು ಪರಿಶೀಲಿಸಿ ದುರಸ್ತಿ ಆರಂಭಿಸತಕ್ಕದ್ದು. ಸಹಜ ಸವೆತ ಮತ್ತು ಮೇಲ್ಕಂಡ ತೇವದ ಕಾರಣಕ್ಕೆ ಬಣ್ಣದ ಖರ್ಚನ್ನು ಮುಂಗಡ ಹಣದಿಂದ ಕಡಿತ ಮಾಡತಕ್ಕದ್ದಲ್ಲ." ನಾನು 10 ದಿನ ಅಂತ ಬರೆದಿದ್ದೆ, ಅವರು ಅದನ್ನ 15 ಮಾಡಿದರು.